ಕೋನ್ ಫಿಲ್ಟರಿನ ಹೆಸರು, ಸೋಪು ನೀರಿನ ಕೆಲಸ

ಬೆಂಗಳೂರಿನ ಹೋಪ್‌ಫಾರ್ಮ್ ದಾಟಿ ಕಾಡುಗೋಡಿ, ಚನ್ನಸಂದ್ರದ ಕಡೆ ಹೊರಟರೆ ಗ್ಯಾರೇಜುಗಳಿಗೆ ಬರವಿಲ್ಲ. ರಿಮ್ಯಾಪ್ ಮಾಡಿಸಿದ, ಅಂದರೆ ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿಕೊಂಡ ಡೀಸೆಲ್ ಕಾರೊಂದು ‘ಪಿಕಪ್ ಇಲ್ಲ, ಕರಿಹೊಗೆ ಬರ್ತಿದೆ’ ಎಂಬ ದೂರು ಹೊತ್ತು ಬಂದರೆ ಸಿಗುವ ಸಲಹೆ ಬಹುಮಟ್ಟಿಗೆ ಒಂದೇ: ಕಾಗದದ ಏರ್ ಫಿಲ್ಟರ್ ತೆಗೆಸಿ ಕೋನ್ ಫಿಲ್ಟರ್ ಹಾಕಿಸಿ, ಎಂಜಿನ್ ಉಸಿರಾಡಲಿ. ಡೀಸೆಲ್ ಮಾರ್ಪಾಡಿನ ಲೋಕದಲ್ಲಿ ಇಷ್ಟು ಕಡಿಮೆ ಕೆಲಸ ಮಾಡಿ ಇಷ್ಟು ಹೆಸರು ಮಾಡಿದ ಭಾಗ ಇನ್ನೊಂದಿಲ್ಲ.

ಎರ್ಟಿಗಾ, ಲೀನಿಯಾಗಳಲ್ಲಿದ್ದ 90 ಪಿಎಸ್‌ನ ಫಿಯೆಟ್ 1.3 ಮಲ್ಟಿಜೆಟ್ಟನ್ನೇ ತೆಗೆದುಕೊಳ್ಳಿ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದಾಗ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ಹಳೆಯ ಗಾಡಿಗಳು ಮಾತ್ರ ಓಡುತ್ತಲೇ ಇವೆ. ಈ ಎಂಜಿನ್ನಿನ ಟರ್ಬೊದ ವೇನುಗಳು ಎಂಜಿನ್ ಕಂಪ್ಯೂಟರಾದ ಇಸಿಯು ಹಿಡಿತದಲ್ಲಿರುತ್ತವೆ. ಮ್ಯಾನಿಫೋಲ್ಡಿನಲ್ಲಿ 2,100 ಮಿಲಿಬಾರ್ ಒತ್ತಡ ಬೇಕೆಂದು ಮ್ಯಾಪ್ ಕೇಳಿದರೆ, ಅಷ್ಟು ತುಂಬುವವರೆಗೆ ಇಸಿಯು ವೇನುಗಳನ್ನು ಬಿಗಿ ಮಾಡುತ್ತದೆ, ತುಂಬಿದ ಮೇಲೆ ಸಡಿಲಿಸುತ್ತದೆ. ಸ್ವಚ್ಛವಾದ ಕಾಗದದ ಫಿಲ್ಟರ್ ನುಂಗುವುದು ಕೆಲವು ಹತ್ತು ಮಿಲಿಬಾರ್ ಮಾತ್ರ. ಅಷ್ಟನ್ನೂ ಉಳಿಸಿಕೊಂಡರೂ ಗುರಿ 2,100ರಲ್ಲೇ ನಿಂತಿರುತ್ತದೆ. ಟರ್ಬೊಗೆ ಶ್ರಮ ಕೊಂಚ ತಗ್ಗುತ್ತದೆ, ಅಷ್ಟೇ. ಬೆಂಗಳೂರಿನ ಎತ್ತರವೇ ಅದಕ್ಕಿಂತ ಹೆಚ್ಚು ಕಸಿದುಕೊಂಡಿದೆ. ಸಮುದ್ರಮಟ್ಟದಲ್ಲಿ 1,013 ಮಿಲಿಬಾರ್ ಇರುವ ಗಾಳಿಯ ಒತ್ತಡ ಇಲ್ಲಿ ಸುಮಾರು 910. ಮೇಲಾಗಿ ಬಾನೆಟ್ಟಿನೊಳಗೆ ತೆರೆದು ಕೂತ ಕೋನ್ ಹೀರುವುದು ಎಂಜಿನ್ನಿನದೇ ಬಿಸಿಗಾಳಿಯನ್ನು.

ಇಷ್ಟು ಮೆರೆಯುವ ಕೋನ್‌ನ ನೆರಳಲ್ಲಿ ಮೂಲೆಗೆ ಸೇರಿರುವುದು ಒತ್ತಡ ಪರೀಕ್ಷೆ. ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿನಲ್ಲಿ ಅದ್ದುವ ವಿದ್ಯೆಯೇ ಇದು. ಟರ್ಬೊದ ಬಾಯಿಗೆ ವಾಲ್ವ್ ಇರುವ ಮುಚ್ಚಳ ಬಿಗಿದು, ಕ್ರ್ಯಾಂಕ್‌ಕೇಸಿನ ಬ್ರೀದರ್ ಪೈಪು ಮುಚ್ಚಿ, ಕಂಪ್ರೆಸರ್‌ನಿಂದ ಒಂದು ಬಾರ್ ಆಸುಪಾಸು ಗಾಳಿ ಕೊಟ್ಟು ಹೋಸ್, ಕ್ಲಿಪ್ಪು, ಇಂಟರ್‌ಕೂಲರಿನ ಪ್ಲಾಸ್ಟಿಕ್ ಟ್ಯಾಂಕಿನ ಅಂಚುಗಳಿಗೆ ಸೋಪು ನೀರು ಹಚ್ಚಿದರೆ ಗುಳ್ಳೆ ತಾನೇ ಜಾಗ ತೋರಿಸುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲಿ ಓಡುವಾಗ ಕಣ್ಣಿಗೆ ಬೀಳದ ಸೀಳು, ಒತ್ತಡ ಬಿದ್ದಾಗ ಬಾಯಿ ಬಿಡುತ್ತದೆ. ಬ್ರೀದರ್ ಮುಚ್ಚುವುದನ್ನು ಮರೆತರೆ ಗಾಳಿ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಆಯಿಲ್ ಸೀಲುಗಳಿಗೆ ಕುತ್ತು.

ಗುಳ್ಳೆ ಹುಡುಕುವ ಮುಂಚೆ ಎಲ್ಲಿ ಹುಡುಕಬೇಕೆಂದು ಹೇಳುವ ಲೆಕ್ಕವೊಂದಿದೆ, ಅದನ್ನಂತೂ ಯಾರೂ ಮಾಡುವುದಿಲ್ಲ. 1,248 ಸಿಸಿಯ ನಾಲ್ಕು ಸಿಲಿಂಡರ್ ಎಂದರೆ ತಲಾ 312 ಸಿಸಿ. 2,100 ಮಿಲಿಬಾರ್ ಒತ್ತಡ, 50 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದಾಗ, ಸಿಲಿಂಡರ್ ನೂರಕ್ಕೆ ತೊಂಬತ್ತು ಪಾಲು ತುಂಬುತ್ತದೆ ಎಂದಿಟ್ಟುಕೊಂಡರೆ, ಒಂದು ಸ್ಟ್ರೋಕಿಗೆ ಒಳಹೋಗುವ ಗಾಳಿ ಸುಮಾರು 630 ಮಿಲಿಗ್ರಾಂ. ಈಗ ಫುಲ್ ಲೋಡಿನಲ್ಲಿ ಗಾಡಿ ಓಡಿಸಿ ಸ್ಕ್ಯಾನರಿನಲ್ಲಿ, ಒಳಬರುವ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಏನು ಹೇಳುತ್ತದೆಂದು ನೋಡಬೇಕು. ಒತ್ತಡ ಸರಿಯಿದ್ದೂ ಎಂಎಎಫ್ 520 ಎಂದರೆ, ಸೆನ್ಸರಿಗೂ ಟರ್ಬೊಗೂ ನಡುವೆ ಲೆಕ್ಕ ತಪ್ಪಿಸಿ ಗಾಳಿ ನುಸುಳುತ್ತಿದೆ, ಇಲ್ಲವೇ ಹೊಗೆಯನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್ ಪೂರ್ತಿ ಮುಚ್ಚದೆ ಹೊಗೆಯೇ ಜಾಗ ತಿನ್ನುತ್ತಿದೆ, ಅಥವಾ ಸೆನ್ಸರ್ ಕೊಳೆಯಾಗಿದೆ. ಕೋನ್‌ಗೆ ಎಣ್ಣೆ ಹೆಚ್ಚಾಗಿ ಸವರಿದಾಗ ಈ ಮೂರನೆಯದೂ ಆಗುತ್ತದೆ. ಅದೇ ಎಂಎಎಫ್ 700 ತೋರಿಸಿ, ಒತ್ತಡ ಗುರಿ ಮುಟ್ಟಲು ಏದುಸಿರು ಬಿಡುತ್ತಿದ್ದರೆ, ಸೋರಿಕೆ ಟರ್ಬೊದ ಆಚೆಗಿದೆ. ಅಳೆದ ಗಾಳಿ ಸಿಲಿಂಡರಿಗೆ ತಲುಪುವ ಮೊದಲೇ ಬೀದಿ ಪಾಲಾಗುತ್ತಿದೆ. ಇಸಿಯು ಮಾತ್ರ ಅಳತೆಯನ್ನು ನಂಬಿ, ಇಲ್ಲದ ಗಾಳಿಗೂ ಡೀಸೆಲ್ ಸುರಿಯುತ್ತದೆ. ಕರಿಹೊಗೆಯ ಮೂಲ ಇದು. ಎರಡನೆಯ ರಿಮ್ಯಾಪ್ ಇದನ್ನು ಕೆಡಿಸುತ್ತದೆಯೇ ಹೊರತು ಗುಣಪಡಿಸದು. ಹೊಗೆಯ ಮಿತಿಯನ್ನು ಅದು ಇನ್ನಷ್ಟು ಸಡಿಲಿಸಿರುತ್ತದೆ.

ಇಲ್ಲಿ ಶಕ್ತಿ ಅಳೆಯುವ ಡೈನೊ ಯಂತ್ರದ ಭಕ್ತರು ಅಡ್ಡ ಬರುತ್ತಾರೆ. ಕೋನ್ ಹಾಕಿದ ಮೇಲೆ ಎಷ್ಟು ಎಚ್‌ಪಿ ಏರಿತೆಂದು ಪ್ರಿಂಟೌಟ್ ಹಿಡಿದು ವಾದಿಸುವ ವಿಮರ್ಶಕರಿಗೆ ಒಂದೇ ಪ್ರಶ್ನೆ: ಹಾಳೆಯ ಮೂಲೆಯಲ್ಲಿರುವ ಕರೆಕ್ಷನ್ ಫ್ಯಾಕ್ಟರ್ ಎಷ್ಟು? ಟರ್ಬೊ ಇಲ್ಲದ ಎಂಜಿನ್ನು ಎತ್ತರದಲ್ಲಿ ಕಳೆದುಕೊಳ್ಳುವ ಶಕ್ತಿಯನ್ನು ಕಾಗದದ ಮೇಲೆ ಮರಳಿಸಲು ಹುಟ್ಟಿದ ಲೆಕ್ಕ ಅದು. 910 ಮಿಲಿಬಾರಿನ ಊರಲ್ಲಿ ಅದು ಶೇಕಡಾ 10ರ ಹತ್ತಿರ ಕೂಡಿಸುತ್ತದೆ. ಎತ್ತರದ ಕೊರತೆಯನ್ನು ತಾನೇ ತುಂಬಿಕೊಳ್ಳುವ ಟರ್ಬೊ ಡೀಸೆಲ್ಲಿಗೆ ಇದನ್ನು ಹಚ್ಚಿದರೆ 120 ಇದ್ದದ್ದು 132 ಆಗುತ್ತದೆ. ಆ 12 ಎಚ್‌ಪಿ ಹುಟ್ಟಿದ್ದು ಪ್ರಿಂಟರಿನಲ್ಲಿ. ಒಂದು ರನ್ ಬಾನೆಟ್ ಮುಚ್ಚಿ, ಇನ್ನೊಂದು ಬಾನೆಟ್ ತೆರೆದು ಫ್ಯಾನ್ ಹಚ್ಚಿ ಮಾಡಿದವರ ಹೋಲಿಕೆಯಂತೂ ಚರ್ಚೆಗೇ ಯೋಗ್ಯವಲ್ಲ.

ಮಾರ್ಪಾಡೆಲ್ಲ ಪಾಪ ಎನ್ನುವ ಇನ್ನೊಂದು ಬಣವೂ ಇದೆ. ಕಾನೂನು ಅವರ ಕಡೆಗಿದೆ: 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಒಪ್ಪಿಗೆಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ ಇಟ್ಟಿದೆ. ಆದರೆ ಮಾರ್ಪಾಡು ಎಂದರೇನೇ ಅಡ್ಡಕಸುಬು ಎಂಬ ಅವರ ಮಾತು ಒಪ್ಪತಕ್ಕದ್ದಲ್ಲ. ಭಾರತೀಯ ರೈಲ್ವೆ ತನ್ನ 2,600 ಎಚ್‌ಪಿಯ ಡಬ್ಲ್ಯೂಡಿಎಂ-2 ಎಂಜಿನ್ನುಗಳನ್ನು ಉತ್ತಮ ಟರ್ಬೊ ಹಾಕಿ 3,100 ಎಚ್‌ಪಿಯ ಡಬ್ಲ್ಯೂಡಿಎಂ-3ಎ ಮಾಡಿತು. ಅಲ್ಲಿನ ಡೀಸೆಲ್ ಶೆಡ್ಡುಗಳಲ್ಲಿ ಕೃತಕ ಭಾರ ಹೊರಿಸುವ ಲೋಡ್ ಬಾಕ್ಸಿಗೆ ಕಟ್ಟಿ, ಪೂರ್ತಿ ಭಾರದಲ್ಲಿ ಬೂಸ್ಟರ್ ಗಾಳಿಯೊತ್ತಡ ಓದುವುದು ವಾಡಿಕೆ. ಅಂಥದೊಂದು ಶೆಡ್ಡು ಕಾಡುಗೋಡಿಗೆ ಹತ್ತಿರದ ಕೃಷ್ಣರಾಜಪುರದಲ್ಲೇ ಇದೆ.

ಕೋನ್‌ನ ಪರವಾಗಿಯೂ ಒಂದು ಮಾತು ಆಡಬೇಕು. ದೊಡ್ಡ ಟರ್ಬೊ ಹಾಕಿಸಿದ ಎಂಜಿನ್ನಿಗೆ ಕಂಪನಿಯ ಫಿಲ್ಟರ್ ಪೆಟ್ಟಿಗೆ ಇಕ್ಕಟ್ಟಾಗುವುದುಂಟು. ಬಿಸಿ ತಟ್ಟದಂತೆ ಮರೆ ಕಟ್ಟಿ, ಬಂಪರಿನ ಹಿಂದಿನಿಂದ ತಂಪುಗಾಳಿ ತಂದರೆ ಅಲ್ಲಿ ಅದಕ್ಕೆ ಬೆಲೆಯಿದೆ. ಟರ್ಬೊ ಮುಟ್ಟದ, ಬರಿ ರಿಮ್ಯಾಪ್ ಆದ ಕಾರಿಗೆ ಅದು ಸದ್ದು ಬದಲಿಸುವ ಸಾಮಾನು. ಅಂಥ ಕಾರಿನವರು ಎರಡನೆಯ ರಿಮ್ಯಾಪಿಗೆ ಹಣ ಎಣಿಸುವ ಮುಂಚೆ ಎರಡನ್ನು ಕೇಳಿ ಪಡೆಯಲಿ: ಕೇಳಿದ ಒತ್ತಡ, ಸಿಕ್ಕ ಒತ್ತಡ, ಎಂಎಎಫ್ ಮೂರೂ ಒಂದೇ ಓಟದಲ್ಲಿ ದಾಖಲಾದ ಲಾಗ್, ಮತ್ತು ತಮ್ಮ ಕಣ್ಣೆದುರೇ ಸೋಪು ನೀರಿನ ಪರೀಕ್ಷೆ. ಕೊಡದ ಗ್ಯಾರೇಜಿನಲ್ಲಿ ಗಾಡಿ ಬಿಡಬೇಕಾಗಿಲ್ಲ.