ಜಮಖಾನಕ್ಕೆ ಮೂಲಪಾಠವುಂಟೆ?

ಠಾಣೆ, ಡೊಂಬಿವಲಿ, ಕಲ್ಯಾಣಗಳ ಕನ್ನಡಿಗರ ಮನೆಗಳಲ್ಲಿ ‘ಜಮಖಾನ’ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಆದರೆ ನವಿ ಮುಂಬಯಿಯ ಬೇಲಾಪುರದ ಸಿಡ್ಕೋ ಅರ್ಬನ್ ಹಾಟ್‌ನಂಥ ಕರಕುಶಲ ಸಂತೆಗಳಲ್ಲಿ ಕೈಮಗ್ಗದ ನೆಲಹಾಸುಗಳನ್ನು ಕೊಳ್ಳುವವರು ಕೇಳುವ ಪ್ರಶ್ನೆಗಳು ಎರಡೇ: ಇದು ಹಳೆಯದೆ? ಬಣ್ಣ ಗಿಡಮೂಲದ್ದೆ? ಕೊಳ್ಳುವವರ ಈ ಮಾನದಂಡ ವಿಮರ್ಶೆಯೊಳಗೂ ನುಸುಳಿರುವುದರಿಂದ ಅದನ್ನು ಪರಿಶೀಲಿಸುವುದು ಅಗತ್ಯವಾಗಿದೆ.

ಇದಕ್ಕೆ ಸ್ಪಷ್ಟವಾದ ನಿದರ್ಶನ ಮೊರಾಕ್ಕೋದ ಬರ್ಬರ್ ಬುಡಕಟ್ಟುಗಳ ನೆಲಹಾಸುಗಳ ಅಧ್ಯಯನದಲ್ಲಿ ದೊರೆಯುತ್ತದೆ. ಫ್ರೆಂಚ್ ವಿದ್ವಾಂಸ ಪ್ರಾಸ್ಪೆರ್ ರಿಕಾರ್ ಅವರು 1923ರಿಂದ 1934ರವರೆಗೆ ನಾಲ್ಕು ಸಂಪುಟಗಳಲ್ಲಿ ಮೊರಾಕ್ಕೋದ ನೆಲಹಾಸುಗಳನ್ನು ಪ್ರದೇಶವಾರು ವಿಂಗಡಿಸಿದರು. ಅವರ ಶ್ರಮ ದೊಡ್ಡದು. ಆದರೆ ವಿನ್ಯಾಸವೊಂದು ಪಟ್ಟಿಗೆ ಸೇರಿದೊಡನೆ ಅದಕ್ಕಿಂತ ಭಿನ್ನವಾದುದು ದೋಷವಾಗಿ ತೋರತೊಡಗುತ್ತದೆ. ಮಂಜಿಷ್ಠದ ಕೆಂಪು ಶುದ್ಧ, 19ನೆಯ ಶತಮಾನದ ಕೊನೆಯ ವೇಳೆಗೆ ಬಂದ ರಾಸಾಯನಿಕ ಬಣ್ಣ ಅಪಭ್ರಷ್ಟ ಎಂಬ ನಿಲುವು ಹೀಗೆ ಬೇರೂರುತ್ತದೆ. ಸೋಜಿಗವೆಂದರೆ, ಇಂದು ಬಹುಬೇಡಿಕೆಯಲ್ಲಿರುವ ಬೆನಿ ಔರೈನ್ ನೆಲಹಾಸಿನ ಬಿಳುಪು ಕುರಿಯ ಉಣ್ಣೆಯದೇ. ಅದಕ್ಕೆ ಬಣ್ಣ ಹಾಕಿರುವುದಿಲ್ಲ. ನಮ್ಮ ಕುರುಬರ ಕರಿಯ ಕಂಬಳಿಯದೂ ದಖನಿ ಕುರಿಯ ಮೈಬಣ್ಣವೇ. ಆದರೂ ಅದನ್ನು ಕಲೆಯೆಂದು ಕರೆದವರು ವಿರಳ!

ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನ ಈ ಚರ್ಚೆಗೆ ಹೆಚ್ಚು ಹತ್ತಿರದ್ದು. ಬರ್ಬರ್ ಸ್ತ್ರೀಯರಂತೆ ಇಲ್ಲಿಯೂ ಮುಸ್ಲಿಂ ಹೆಣ್ಣುಮಕ್ಕಳು ಮನೆಯೊಳಗೆ, ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ನೇಯುತ್ತಾರೆ. ಅಲ್ಲಿ ಬಹುಮಟ್ಟಿಗೆ ಉಣ್ಣೆಯ ಗಂಟು, ಇಲ್ಲಿ ಹತ್ತಿನೂಲಿನ ಚಪ್ಪಟೆ ನೇಯ್ಗೆ ಎಂಬ ವ್ಯತ್ಯಾಸವನ್ನು ಮರೆಯಲಾಗದು. ಆದಿಲಶಾಹಿಗಳ ಕಾಲದಲ್ಲಿ ನೇಕಾರರು ವಿಜಾಪುರದಿಂದ ಬಂದರೆಂಬ ಐತಿಹ್ಯವಿದೆ. ಪಗಡೆಯ ಪಟ, ನವಿಲು ಇಲ್ಲಿಯ ಪ್ರಸಿದ್ಧ ವಿನ್ಯಾಸಗಳು. (ಊರ ಹೆಸರಿನಲ್ಲಿಯೇ ಜನ ನವಿಲನ್ನು ಕಾಣುತ್ತಾರೆ.) ಎಳೆಗಳ ಎಣಿಕೆ ಅತ್ತೆಯಿಂದ ಸೊಸೆಗೆ ಕೈಯಿಂದ ಕೈಗೆ ಬರುವಾಗ ನವಿಲು ತುಸು ಬದಲಾಗುತ್ತದೆ, ಅಂಚು ಬೇರೆಯಾಗುತ್ತದೆ.

ಮಧ್ಯಕಾಲೀನ ಸಾಹಿತ್ಯವನ್ನು ಓದಿದವರಿಗೆ ಇದು ಹೊಸತಲ್ಲ. ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ—ಈ ನಾಲ್ವರೂ ಶೂನ್ಯಸಂಪಾದನೆಯನ್ನು ಸಂಪಾದಿಸಿದವರು. ಮೊದಲನೆಯದೊಂದೇ ನಿಜ, ಉಳಿದವು ಕೆಟ್ಟ ಪ್ರತಿಗಳು ಎಂದರೆ ಅದು ವಿಮರ್ಶೆಯಾಗದು. ನವಲಗುಂದದ ನೇಯ್ಗೆಯವಳೂ ಪ್ರತಿಕಾರಳಲ್ಲ, ಸಂಪಾದಕಿ. ಆಕೆ ಅಂಗಡಿಯ ಬಣ್ಣವನ್ನು ಆರಿಸಿದರೆ ಅದನ್ನೂ ಪಾಠಾಂತರವೆಂದೇ ಓದಬೇಕು.

2011ರಲ್ಲಿ ನವಲಗುಂದದ ಜಮಖಾನಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಹೆಸರಿಗೆ ಇದರಿಂದ ರಕ್ಷಣೆ ಬಂದಿತು, ನಿಜ. ಆದರೆ ಈಗ ನೇಯುವವರು ಬೆರಳೆಣಿಕೆಯಷ್ಟು ಮಂದಿ. ಹಳೆಯ ಜಮಖಾನದ ಬೆಲೆ ಏರಿದರೆ ಲಾಭ ಮಾರುವವನದು. ಅದನ್ನು ನೇಯ್ದವಳ ಮನೆಗೆ ಬಿಡಿಗಾಸೂ ಸೇರದು. ಆದುದರಿಂದ ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಕನ್ನಡ ಮನೆಗಳ ಹಳೆಯ ಜಮಖಾನಗಳನ್ನು ದಾಖಲಿಸಹೊರಡುವ ಸಂಶೋಧಕರು ಬಣ್ಣದ ಪರೀಕ್ಷೆಗೆ ಮೊದಲು ಅದರ ಅಂಚನ್ನು, ಹರಿದೆಡೆಯಲ್ಲಿ ಬೇರೊಂದು ಕೈ ಹಾಕಿದ ಹೊಲಿಗೆಯನ್ನು, ಅದನ್ನು ತಂದ ಊರನ್ನು, ನೇಯ್ದವರು ತಿಳಿದಿದ್ದರೆ ಅವರ ಹೆಸರನ್ನು ಬರೆದುಕೊಳ್ಳಬೇಕು.