ಪತ್ರಗಳು ಹೇಳುವ ಮನೆತನದ ಕಥೆ

ಸಕಲೇಶಪುರ, ಆಲೂರು ಸೀಮೆಯ ಹಳೆಯ ತೋಟದ ಮನೆಗಳಲ್ಲಿ ಅಟ್ಟದ ಪೆಟ್ಟಿಗೆಯನ್ನು ಇಳಿಸಿ ನೋಡಿದರೆ ಕಾಗದಗಳ ಒಂದು ಕಟ್ಟಾದರೂ ಇದ್ದೇ ಇರುತ್ತದೆ. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ಖಾತೆಯ ನಕಲು, ಎಂದೋ ಮುಗಿದ ವ್ಯಾಜ್ಯದ ತೀರ್ಪು. ಮನೆಯಲ್ಲಿ ಬರವಣಿಗೆಯ ಹವ್ಯಾಸವುಳ್ಳವರು ಯಾರಾದರೂ ಹುಟ್ಟಿದರೆ, ಅವರು ಆ ಕಟ್ಟನ್ನು ಬಿಚ್ಚಿ, ವರ್ಷದ ಕ್ರಮದಲ್ಲಿ ಜೋಡಿಸಿ, ಮೊದಲ ಪುಟಕ್ಕೆ ವಂಶವೃಕ್ಷವನ್ನೂ ಮೂಲಪುರುಷರ ಭಾವಚಿತ್ರವನ್ನೂ ಸೇರಿಸಿ ಮನೆತನದ ಚರಿತ್ರೆಯೊಂದನ್ನು ಬರೆಯುತ್ತಾರೆ. ಅದು ಮುನ್ನುಡಿಗಾಗಿ ನಮ್ಮಂಥ ಕನ್ನಡ ಮೇಷ್ಟರ ಮೇಜಿಗೆ ಬರುತ್ತದೆ. ನಾಲ್ಕು ಒಳ್ಳೆಯ ಮಾತು ಬರೆದು ಕಳುಹಿಸುವುದು ವಾಡಿಕೆ. ಆದರೆ ಕಾವ್ಯ, ಕಾದಂಬರಿಗಳನ್ನು ತೂಗಿ ನೋಡುವಂತೆ ಈ ಬಗೆಯ ಬರವಣಿಗೆಯನ್ನೂ ತೂಗಿ ನೋಡಬಾರದೇಕೆ?

ಅದಕ್ಕೆ ಒಂದು ಮಾದರಿ ಬೇಕು. ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದು ಎಂದು ಹೆಸರು. ಈ ಸೀಮೆಯಲ್ಲಿ ಮೊದಲು ಕಾಫಿ ತೋಟ ಹಾಕಿದ ಯುರೋಪಿಯನ್ನರು ಫ್ರೆಡರಿಕ್ ಗ್ರೀನ್. ಅದು 1843ರ ಮಾತು. 1855ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಹೆನ್ರಿ ಎಲಿಯಟ್ ಹದಿನೆಂಟರ ಆಸುಪಾಸಿನ ತರುಣರಾಗಿ ಮೈಸೂರಿಗೆ ಬಂದರು. ಮರುವರ್ಷವೇ ಮಂಜರಾಬಾದಿನಲ್ಲಿ ತೋಟ ಎಬ್ಬಿಸಿದರು. ಮೈಸೂರಿನ ಕಾಡುಗಳಲ್ಲಿ ಪ್ಲಾಂಟರನೊಬ್ಬನ ಅನುಭವಗಳನ್ನು ಕುರಿತು ಅವರು ಬರೆದ ಇಂಗ್ಲಿಷ್ ಪುಸ್ತಕ 1871ರಲ್ಲಿ ಎರಡು ಸಂಪುಟಗಳಾಗಿ ಹೊರಬಂತು. 1894ರಲ್ಲಿ ಚಿನ್ನ, ಬೇಟೆ, ಕಾಫಿ ಈ ಮೂರನ್ನೂ ಹೆಸರಿನಲ್ಲೇ ಹೊತ್ತ ಇನ್ನೊಂದು ಪುಸ್ತಕ ಬಂತು. ಅದು ಮೂವತ್ತೆಂಟು ವರ್ಷಗಳ ಅನುಭವವೆಂದು ಅದರ ಹೆಸರಿನ ಪುಟವೇ ಹೇಳುತ್ತದೆ. ತೋಟ ಮಾಡಿದವರು ಅನೇಕರು, ತೋಟದ ಕಾಗದ ಉಳಿಸಿದವರೂ ಅನೇಕರು; ತಮ್ಮ ಮಾತಿನಲ್ಲಿಯೇ ಕಥೆ ಹೇಳಿ ಹೋದವರು ಅಪರೂಪ. ಆದುದರಿಂದ ಕಾಗದಪತ್ರ ಏನು ಹೇಳುತ್ತದೆ, ಏನನ್ನು ಬಿಡುತ್ತದೆ ಎಂಬುದನ್ನು ಅಳೆಯಲು ಎಲಿಯಟ್ಟರ ಪುಸ್ತಕಗಳು ಒಳ್ಳೆಯ ಅಳತೆಗೋಲು.

ಈ ಪುಸ್ತಕಗಳ ದೊಡ್ಡ ಗುಣವೆಂದರೆ ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯ. ಮೊದಲ ಪ್ಲಾಂಟರುಗಳು ಕಾಡಿನ ಮರಗಳನ್ನು ಮಿತಿಮೀರಿ ಕಡಿದರು. ಬಿಸಿಲು ಬಿದ್ದ ತೋಟಕ್ಕೆ ಕಾಂಡ ಕೊರೆಯುವ ಹುಳು ಹತ್ತಿತು. 'ಚಿಕ್' ಎಂದು ಕರೆಯುತ್ತಿದ್ದ ಚಿಕ್ಕಮಗಳೂರಿನ ಹಳೆಯ ತಳಿ ಕೈಬಿಟ್ಟಿತು. ಕೊಡಗಿನ ತಳಿಯನ್ನು ತಂದು ಮತ್ತೆ ನಡಬೇಕಾಯಿತು. ನೆರಳಿಲ್ಲದೆ ಈ ಸೀಮೆಯಲ್ಲಿ ಕಾಫಿ ನಿಲ್ಲದು ಎಂಬ ಪಾಠವನ್ನು ಎಲಿಯಟ್ ತಮ್ಮ ನಷ್ಟದ ಲೆಕ್ಕದೊಂದಿಗೇ ಓದುಗರ ಮುಂದಿಡುತ್ತಾರೆ. ಯಾವ ಖಾತೆಯಲ್ಲಿ ಇದು ಸಿಕ್ಕೀತು? ಗಿಡ ಸತ್ತ ವರ್ಷವೂ ಗಿಡ ತೂಗಿದ ವರ್ಷವೂ ಖಾತೆಯಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ.

ಸರ್ಕಾರದ ಕಾಗದ ತನಗೆ ಬೇಕಾದುದನ್ನು ಮಾತ್ರ ಬರೆದುಕೊಳ್ಳುತ್ತದೆ. ಬೇಕಾದುದು ಬದಲಾದರೆ ಬರೆಯುವುದೂ ಬದಲಾಗುತ್ತದೆ. 1885ರ ತನಕ ಮೈಸೂರು ಸೀಮೆಯ ಕಾಫಿಯ ಮೇಲೆ 'ಹಾಲತ್' ಎಂಬ ಸುಂಕವಿತ್ತು. ಮಣವೊಂದಕ್ಕೆ ಇಷ್ಟು ಎಂದು ಅದರ ಲೆಕ್ಕ. ಆಗ ಸರ್ಕಾರದ ಕಣ್ಣು ಮೂಟೆಯ ಮೇಲೆ. 1885ರಲ್ಲಿ ಹಾಲತ್ ಹೋಗಿ ಎಕರೆಗೆ ಇಷ್ಟು ಎಂಬ ಕಂದಾಯ ಬಂತು. ಕಣ್ಣು ನೆಲದ ಮೇಲೆ ಬಿತ್ತು. ಮನೆತನದ ಚರಿತ್ರೆ ಬರೆಯುವವರು ಇದನ್ನು ಮರೆಯುವಂತಿಲ್ಲ. ತಾತನ ತೋಟ ಒಂದು ಪತ್ರದಲ್ಲಿ ಹಠಾತ್ತಾಗಿ ಎಕರೆ ಗುಂಟೆಗಳೊಡನೆ ಕಾಣಿಸಿಕೊಂಡರೆ ತೋಟ ಆ ವರ್ಷವೇ ಹುಟ್ಟಿತೆಂದು ಅರ್ಥವಲ್ಲ. ಅಳೆಯುವ ಅಗತ್ಯ ಆ ವರ್ಷ ಹುಟ್ಟಿರಬಹುದು.

'ಮೊದಲಿಗರು' ಎಂಬ ಮಾತನ್ನೂ ಇದೇ ಎಚ್ಚರದಿಂದ ನೋಡಬೇಕು. ಕಾಡು, ಬಂಜರು ಎಂದು ದಾಖಲೆಯಲ್ಲಿ ಬರೆದಿದ್ದ ಕೂಡಲೆ ಅಲ್ಲಿ ಹಿಂದೆ ಯಾರೂ ಇರಲಿಲ್ಲವೆಂದು ತಿಳಿಯುವುದು ಸುಲಭ. ಆದರೆ ಈ ಬೆಟ್ಟಗಳು ಐಗೂರಿನ ಪಾಳೆಯಗಾರರು ಆಳಿದ ಬೆಟ್ಟಗಳು. 1792ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಇಂದಿಗೂ ಸಕಲೇಶಪುರದ ಬಳಿ ನಿಂತಿದೆ. 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ದಂಡು ಬಂದು ಪಾಳೆಯಗಾರ ವೆಂಕಟಾದ್ರಿ ನಾಯಕನನ್ನು ಹಿಡಿದು ಗಲ್ಲಿಗೇರಿಸಿತು. ಗ್ರೀನ್ ಬರುವುದಕ್ಕೆ ನಲವತ್ತೊಂದು ವರ್ಷ ಮೊದಲು ಇಲ್ಲಿ ಗದ್ದೆ ಉಳುವವರಿದ್ದರು, ಊರ ಗೌಡರಿದ್ದರು, ದೇವರ ಬನಗಳಿದ್ದವು. ಕಾಗದದ ಮೊದಲ ಹಾಳೆಯನ್ನೇ ಕಾಲದ ಮೊದಲ ದಿನವೆಂದು ಎಣಿಸುವುದು ಮನೆತನದ ಚರಿತ್ರೆಗಳಲ್ಲಿ ಎದ್ದು ಕಾಣುವ ದೋಷ.

ಇನ್ನೊಂದು ದೋಷ, ಪತ್ರವನ್ನು ಪೂರ್ತಿ ಓದದಿರುವುದು. ಬರೆಯುವವರು ಕ್ರಯಪತ್ರದಿಂದ ಹೆಸರು, ತೇದಿ, ಮೊಬಲಗು ಮೂರನ್ನು ಆರಿಸಿಕೊಂಡು ಉಳಿದುದನ್ನು ಒಣಮಾತೆಂದು ಬಿಡುತ್ತಾರೆ. ನನಗೆ ಆ ಒಣಮಾತೇ ಹೆಚ್ಚು ರುಚಿ. ಮುಖ್ಯವಾಗಿ ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ದೊಡ್ಡ ಮರ ಎಂದು ನಾಲ್ಕು ದಿಕ್ಕನ್ನು ಹೇಳುವಾಗ ಬರೆದವನು ತನಗೆ ತಿಳಿಯದಂತೆಯೇ ಒಂದು ಊರನ್ನು ಬರೆದಿಟ್ಟಿರುತ್ತಾನೆ. ನೆರೆಯವರು ಯಾರು, ಹಳ್ಳಕ್ಕೆ ಆಗ ಏನು ಹೆಸರು, ದಾರಿ ಎಲ್ಲಿ ಹಾಯುತ್ತಿತ್ತು, ರುಜು ಮಾಡಿದವರಾರು, ಹೆಬ್ಬೆಟ್ಟು ಒತ್ತಿದವರಾರು, ಇವೆಲ್ಲ ಅಲ್ಲಿವೆ. ಅಲಂಕಾರವಿಲ್ಲದ ಈ ಗದ್ಯಕ್ಕೆ ನಮ್ಮ ಭಾಷೆಯಲ್ಲಿ ದೊಡ್ಡ ವಂಶವೇ ಇದೆ. ಇದೇ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರದೆಂದು ಹೇಳುವ ಶಾಸನವಾದರೂ ಏನು? ವೀರನೊಬ್ಬನಿಗೆ ಹಳ್ಳಿಗಳನ್ನು ಬಾಳ್ಗಳ್ಚಾಗಿ ಬಿಟ್ಟ ದಾನಪತ್ರ. ಅದನ್ನು ಕದ್ದವನಿಗೆ ಪಾಪವೆಂಬ ಎಚ್ಚರಿಕೆಯೂ ಉಂಟು. ಕನ್ನಡದ ಅತಿ ಹಳೆಯ ಬರಹಗಳಲ್ಲಿ ಒಂದು ನೆಲದ ಕಾಗದವೇ ಎಂದರೆ ತಪ್ಪಾಗಲಾರದು.

ಆದರೂ ಪತ್ರವನ್ನು ಎಷ್ಟು ಪ್ರೀತಿಯಿಂದ ಓದಿದರೂ ಅದರ ಸ್ವಭಾವ ಬದಲಾಗದು. ನೆಲ ಕೈ ಬದಲಾಯಿಸಿದಾಗ, ಸಾಲವಾದಾಗ, ಅಣ್ಣತಮ್ಮಂದಿರು ಬೇರೆಯಾದಾಗ ಮಾತ್ರ ಅದು ಬಾಯಿ ತೆರೆಯುತ್ತದೆ. ಮೂವತ್ತು ವರ್ಷ ಒಗ್ಗಟ್ಟಾಗಿ ಉಂಡು ಬಾಳಿದ ಮನೆಗೆ ಕಾಗದವಿಲ್ಲ. ಮೂರು ವರ್ಷ ಜಗಳಾಡಿದ ಮನೆಗೆ ಗಂಟುಗಟ್ಟಲೆ ಕಾಗದ. ಪತ್ರದಿಂದಷ್ಟೇ ಬರೆದ ಚರಿತ್ರೆ ಜಗಳದ ಚರಿತ್ರೆಯಾಗುತ್ತದೆ. ಹೆಂಗಸರು ಅದರಲ್ಲಿ ಕಾಣುವುದು ಹೆಚ್ಚಾಗಿ ವಿಧವೆಯರಾಗಿ, ಜೀವನಾಂಶ ಕೇಳಿದವರಾಗಿ. 1933ರಲ್ಲಿ ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳಿಗೆ ಕಾಯಿದೆ ಮಾಡಿತು. ಮನೆಯ ಕಟ್ಟಿನಲ್ಲಿ ಆ ವರ್ಷದ ಹಿಂದಿನ ಮತ್ತು ಮುಂದಿನ ವಿಭಾಗಪತ್ರಗಳಿದ್ದರೆ ಅವನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. ಅತ್ತೆಯರ, ಅಜ್ಜಿಯರ ಹೆಸರು ಎಲ್ಲಿ ಬಂತು, ಎಲ್ಲಿ ಬರಲಿಲ್ಲ ಎಂಬುದು ಆ ಮನೆಯ ಬಗ್ಗೆ ವಂಶವೃಕ್ಷಕ್ಕಿಂತ ಹೆಚ್ಚು ಹೇಳುತ್ತದೆ.

ತೋಟವನ್ನು ಕೈಯಾರೆ ಎಬ್ಬಿಸಿದ ಆಳುಗಳ ಪಾಡು ಇನ್ನೂ ಕಷ್ಟ. ಅವರಿಗೆ ನೆಲವಿಲ್ಲ, ನೆಲವಿಲ್ಲದವರಿಗೆ ನೆಲದ ಕಾಗದವೆಲ್ಲಿ? ಮುಂಗಡ ಪಡೆದು ಕೆಲಸ ಬಿಟ್ಟವರನ್ನು ಅಪರಾಧಿಗಳೆಂದು ಕೋರ್ಟಿಗೆಳೆಯಲು ಬ್ರಿಟಿಷ್ ಇಂಡಿಯಾದಲ್ಲಿ 1859ರಲ್ಲಿ ಒಂದು ಕಾಯಿದೆ ಬಂದು 1925ರವರೆಗೆ ಇತ್ತು. ಅಂಥ ಕಾಗದದಲ್ಲಿ ಆಳಿನ ಹೆಸರು ಬಂದರೆ ಅದು ಸಾಲಗಾರನ ಹೆಸರಾಗಿ, ಓಡಿಹೋದವನ ಹೆಸರಾಗಿ. ಎಲಿಯಟ್ಟರ ಪುಸ್ತಕಗಳಲ್ಲಿಯೂ ಆಳುಗಳು ಬಹುಮಟ್ಟಿಗೆ ಒಂದು ಗುಂಪು. ಜಾತಿಪದ್ಧತಿಯಿಂದ ಒಳ್ಳೆಯದೂ ಇದೆ ಎಂದು ಅವರು ವಾದಿಸುತ್ತಾರೆ. ಆ ಪದ್ಧತಿಯ ಕೆಳಗಿದ್ದವನಿಗೆ ಏನನ್ನಿಸಿತೆಂಬುದನ್ನು ಅವನ ಬಾಯಿಂದ ಕೇಳಿಸುವುದಿಲ್ಲ.

ಇಲ್ಲಿ ಕಾದಂಬರಿಯೊಂದರ ನೆನಪಾಗುತ್ತದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂತು. ಅದರ ನೆಲ ತೀರ್ಥಹಳ್ಳಿಯ ಕಡೆಯದಾದರೂ ಕಥೆಯ ಕಾಲ ಎಲಿಯಟ್ಟರ ಎರಡನೆಯ ಪುಸ್ತಕದ ಕಾಲವೇ, ಹತ್ತೊಂಬತ್ತನೆಯ ಶತಮಾನದ ಕೊನೆ. ಅಲ್ಲಿ ಜೀತದಾಳು ನಾಯಿಗುತ್ತಿಗೆ ಹೆಸರಿದೆ, ಅವನ ನಾಯಿಗೂ ಹೆಸರಿದೆ. ತಿಮ್ಮಿಯ ಮೇಲಿನ ಅವನ ಆಸೆಗೆ ಒಡೆಯರ ಮನೆಯ ಮದುವೆಯಷ್ಟೇ ತೂಕವಿದೆ. ಕಾದಂಬರಿಕಾರರು ಕಲ್ಪನೆಯಿಂದ ತುಂಬಿದ ಈ ಜಾಗವನ್ನು ಮನೆತನದ ಚರಿತ್ರಕಾರರು ಕಲ್ಪನೆಯಿಂದ ತುಂಬಬೇಕಿಲ್ಲ, ತುಂಬಲೂಬಾರದು. ಆದರೆ ಅಲ್ಲೊಂದು ಜಾಗ ಖಾಲಿಯಿದೆ ಎಂದು ತೋರಿಸುವ ಪ್ರಾಮಾಣಿಕತೆ ಬೇಕು. ಲೈನುಮನೆಯ ಮುದುಕರನ್ನು ಕೇಳಿ ಬರೆದುಕೊಂಡ ನಾಲ್ಕು ಹೆಸರು ಮೂಲಪುರುಷರ ಭಾವಚಿತ್ರದಷ್ಟೇ ಪುಸ್ತಕಕ್ಕೆ ಶೋಭೆ.

ಈ ಕೆಲಸಕ್ಕೆ ಹೆಚ್ಚು ಕಾಲವಿಲ್ಲ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂತು. ರೈತನಿಗೆ ಅದರಿಂದ ಅನುಕೂಲವಾಗಿದೆ. ಆದರೆ ಹಕ್ಕು ಕಂಪ್ಯೂಟರಿನಲ್ಲಿ ಭದ್ರವೆಂದಾದ ಮೇಲೆ ಅಟ್ಟದ ಹಳೆಯ ಕಟ್ಟು ಯಾರಿಗೂ ಬೇಡವಾಗುತ್ತದೆ. ಪಹಣಿಯಲ್ಲಿ ಸರ್ವೆ ನಂಬರು ಇರುತ್ತದೆ. ಹಳ್ಳದ ಹೆಸರು ಇರುವುದಿಲ್ಲ. ಮನೆತನದ ಚರಿತ್ರೆ ಬರೆಯುವವರಲ್ಲಿ ನನ್ನ ಬಿನ್ನಹ ಇಷ್ಟೇ: ಹೊಗಳಿಕೆಯ ಪುಟಗಳನ್ನು ಕಡಿಮೆ ಮಾಡಿ, ಹಳೆಯ ಪತ್ರಗಳಲ್ಲಿ ನಾಲ್ಕನ್ನಾದರೂ ಚಕ್ಕುಬಂದಿ, ಸಾಕ್ಷಿಗಳ ಸಹಿತ ಪೂರ್ತಿಯಾಗಿ ಅಚ್ಚು ಹಾಕಿಸಿ. ಅದರಲ್ಲಿ ನಿಮ್ಮ ಮನೆಯಷ್ಟೇ ಅಲ್ಲ, ನಿಮ್ಮ ನೆರೆಮನೆಯೂ ಉಳಿಯುತ್ತದೆ.