ಕೊಚ್ಚಿಯ ಇಗರ್ಜಿಯಲ್ಲಿ ಮಂಗಳೂರಿನ ಕೈ

ಈ ಸಲದ ಎಲ್.ಟಿ.ಸಿ.ಯಲ್ಲಿ ಮುಂಬಯಿಯಿಂದ ಕೊಚ್ಚಿಗೆ ಹೋಗಿಬಂದೆವು. ಕೊಚ್ಚಿ ಎಂದೊಡನೆ ಚೀನೀ ಬಲೆ, ಮಟ್ಟಾಂಚೇರಿಯ ಅರಮನೆ ಎಂದು ವಾಚಕರೇ ಪಟ್ಟಿ ಒಪ್ಪಿಸಿಯಾರು. ಅವನ್ನೆಲ್ಲ ನಾವೂ ನೋಡಿದೆವು, ವರ್ಣನೆ ಬೇಡ. ಬರೆಯಹೊರಟಿರುವುದು ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಜ್ ಇಗರ್ಜಿಯೊಳಗಿನ ಚಿತ್ರಗಳನ್ನು ಕುರಿತು, ಮತ್ತು ಅವುಗಳಿಗೆ ಸಲ್ಲುತ್ತಿರುವ ಹೊಗಳಿಕೆಯ ಬಗ್ಗೆ ನಮಗಿರುವ ತಕರಾರನ್ನು ಕುರಿತು. (ಚರ್ಚಿಗೆ ಮಂಗಳೂರಿನವರು ಇಗರ್ಜಿ ಎನ್ನುತ್ತಾರೆ. ನಮ್ಮ ಮನೆಯಾಕೆ ಆ ಕಡೆಯವರಾದ್ದರಿಂದ ನಮಗೂ ಆ ಮಾತು ಅಂಟಿದೆ.)

ಹೊರಗಿನಿಂದ ನೋಡಿದರೆ ಎರಡು ಚೂಪು ಗೋಪುರಗಳ ಬಿಳಿಯ ಕಟ್ಟಡ. ಇದು 1905ರ ನವೆಂಬರಿನಲ್ಲಿ ಪ್ರತಿಷ್ಠೆಯಾದದ್ದು; ಬೆಸಿಲಿಕಾ ಎಂಬ ಪದವಿ ಬಂದದ್ದು 1984ರಲ್ಲಿ. ಮೂಲ ಇಗರ್ಜಿಗೆ ಪೋರ್ಚುಗೀಸರು 1505ರಲ್ಲೇ ಅಡಿಗಲ್ಲು ಹಾಕಿದ್ದರು. 1663ರಲ್ಲಿ ಊರನ್ನು ಗೆದ್ದ ಡಚ್ಚರು ಪ್ರಾಟೆಸ್ಟೆಂಟರು. ಕ್ಯಾಥೊಲಿಕರ ಕಟ್ಟಡಗಳನ್ನು ಕೆಡವುತ್ತ ಬಂದವರು ಇದನ್ನು ಆಯುಧ ತುಂಬಿಡಲು ಉಳಿಸಿಕೊಂಡರು. 1795ರಲ್ಲಿ ಕೊಚ್ಚಿಯನ್ನು ವಶಪಡಿಸಿಕೊಂಡ ಬ್ರಿಟಿಷರು ಅದನ್ನೂ ಬಿಡಲಿಲ್ಲ. ಬಂದರಿನ ಯಜಮಾನ ಬದಲಾದಾಗಲೆಲ್ಲ ದೇವರ ಮನೆಗೂ ವರ್ಗಾವಣೆಯ ಆರ್ಡರು ಬರುತ್ತಿತ್ತೆಂದು ಕಾಣುತ್ತದೆ. ಹಳೆಯದರಲ್ಲಿ ಉಳಿದದ್ದು ಆವರಣದ ಮೂಲೆಯಲ್ಲಿ ನಿಂತಿರುವ ಒಂದು ಕಲ್ಲುಕಂಬ.

ಒಳಗಿನ ಚಿತ್ರಗಳು ಇಟಲಿಯ ಜೆಸ್ವಿಟ್ ಬ್ರದರ್ ಅಂತೋನಿಯೊ ಮೊಸ್ಕೇನಿಯವರವು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ನೋಡಿದವರಿಗೆ ಈ ಹೆಸರು ಹೊಸದಲ್ಲ. ಅಲ್ಲಿಯ ಗೋಡೆ, ಮಾಡುಗಳನ್ನೆಲ್ಲ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಿತ್ರಗಳಿಂದ ತುಂಬಿದ ಪುಣ್ಯಾತ್ಮ ಇವರೇ.

ನಮಗೆ ಸಿಕ್ಕ ಗೈಡು ಕೊನೆಯ ಭೋಜನದ ಚಿತ್ರದ ಮುಂದೆ ನಿಲ್ಲಿಸಿ, "ನೋಡಿ ಸಾರ್, ಲಿಯೊನಾರ್ಡೊ ಬರೆದ ಹಾಗೆಯೇ ಇದೆ" ಎಂದ. ಮಾತು ಅಲ್ಲಿಗೇ ಮುಗಿಯಿತು. ನಮ್ಮ ತಕರಾರು ಶುರುವಾಗುವುದೂ ಅಲ್ಲಿಂದಲೇ. ಇನ್ನೊಬ್ಬರ ಹಾಗಿದೆ ಎನ್ನುವುದು ಹೊಗಳಿಕೆಯೆ? ಈ ಚಿತ್ರದ ರಚನೆ ಲಿಯೊನಾರ್ಡೊನಿಂದ ಬಂದದ್ದು ನಿಜ. ಆದ್ದರಿಂದಲೇ ನಮ್ಮ ಕಣ್ಣಿಗೆ ಅದು ವಿಧೇಯ ವಿದ್ಯಾರ್ಥಿಯ ಉತ್ತರಪತ್ರಿಕೆಯಂತೆ ಕಂಡಿತು. ತಪ್ಪಿಲ್ಲ, ಬರೆದವನೂ ಇಲ್ಲ. ಯೇಸುವಿನ ಯಾತನೆಯನ್ನು ಹೇಳುವ ಏಳು ದೊಡ್ಡ ಕ್ಯಾನ್ವಾಸುಗಳೂ ಆ ಎತ್ತರದ ಹಜಾರದಲ್ಲಿ ಒಂದಕ್ಕೊಂದು ಮಾತಾಡುವುದಿಲ್ಲ. ಅವುಗಳಿಗಿಂತ ಕಂಬಗಳ ಮೇಲಿನ ಅಲಂಕಾರವೇ ನಮಗೆ ಹೆಚ್ಚು ಸಂತೋಷ ಕೊಟ್ಟಿತು.

ಮಂಗಳೂರಿನದು ಬೇರೆಯೇ ಮಾತು. ಅಲ್ಲಿ ಮಾಡಿನ ನಡುವೆ ಸಂತ ಅಲೋಶಿಯಸರ ಜೀವನ ಸನ್ನಿವೇಶದಿಂದ ಸನ್ನಿವೇಶಕ್ಕೆ ಸಾಗುತ್ತದೆ. ಕತ್ತು ನೋಯುತ್ತಿದ್ದರೂ ಮುಂದೇನಾಯಿತೆಂದು ನೋಡುತ್ತೇವೆ. ಮಾಡಿನವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು, ಗೋಡೆಯವು ಫ್ರೆಸ್ಕೊ. ಫ್ರೆಸ್ಕೊ ಎಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ ಹಚ್ಚುವುದು. ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಲ್ಲಾಗುವಾಗ ಬಣ್ಣವನ್ನೂ ತನ್ನೊಳಗೆ ಹಿಡಿದಿಡುತ್ತದೆ. (ಬಿ.ಎಸ್‌ಸಿ.ಯಲ್ಲಿ ಕಲಿತ ಈ ಸಮೀಕರಣ ನಮ್ಮ ಕಚೇರಿಯಲ್ಲಿ ಒಂದು ದಿನವೂ ಉಪಯೋಗಕ್ಕೆ ಬಂದಿರಲಿಲ್ಲ.) ಆ ದಿನ ಬಳಿದ ಗಾರೆ ಒಣಗುವುದರೊಳಗೆ ಚಿತ್ರ ಮುಗಿಯಬೇಕು, ತಿದ್ದಲು ಆಸ್ಪದ ಕಡಿಮೆ. ಲಿಯೊನಾರ್ಡೊ ಈ ಕಟ್ಟಿಗೆ ಒಳಗಾಗದೆ ಮಿಲಾನಿನಲ್ಲಿ ಒಣಗೋಡೆಯ ಮೇಲೆ ಬರೆದ. ಅವನ ಕಾಲದಲ್ಲೇ ಅದು ಉದುರತೊಡಗಿತು. ಆ ಕಟ್ಟಿಗೆ ಒಗ್ಗಿದ ಮೊಸ್ಕೇನಿಯವರನ್ನು ಕೊಚ್ಚಿಯ ಒಂದು ಅನುಕರಣೆಯಿಂದ ಅಳೆಯುವುದು ನ್ಯಾಯವಲ್ಲ.

ಇಷ್ಟು ಹೇಳಿ ನಿಲ್ಲಿಸುತ್ತಿದ್ದೆವು. ಆದರೆ ಮನೆಯಾಕೆ, "ಪಾಪ, ಅವರ ಮೈಯಲ್ಲಿ ಆಗ ಎಷ್ಟು ಶಕ್ತಿ ಇತ್ತೋ!" ಎಂದರು. ಅದೂ ನಿಜವೇ. ಇಗರ್ಜಿಯ ಪ್ರತಿಷ್ಠೆಗೆ ಕೆಲವೇ ದಿನ ಮೊದಲು, ಐವತ್ತೊಂದರ ವಯಸ್ಸಿನಲ್ಲಿ, ಅವರು ಕೊಚ್ಚಿಯಲ್ಲೇ ತೀರಿಕೊಂಡರು. ಅಲ್ಲಿ ಅವರ ಜತೆ ಕುಂಚ ಹಿಡಿದಿದ್ದವರು ಮಂಗಳೂರಿನ ಶಿಷ್ಯ ಡಿ ಗಾಮ. ಮುಖ್ಯ ಆಲ್ತಾರಿನ ಅಲಂಕಾರ ಗುರುಶಿಷ್ಯರಿಬ್ಬರದು.

ಗೈಡನ್ನು ಡಿ ಗಾಮರ ಬಗ್ಗೆ ಕೇಳಿದೆವು. "ಗಾಮನ ಸಮಾಧಿ ಇಲ್ಲಲ್ಲ ಸಾರ್, ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ" ಎಂದು ಹೊರಟೇಬಿಟ್ಟ. ಹೋಗಿ ನೋಡಿದೆವು. 1524ರಲ್ಲಿ ಕೊಚ್ಚಿಯಲ್ಲಿ ಸತ್ತ ವಾಸ್ಕೊನನ್ನು ಹೂಳಿದ್ದ ಜಾಗಕ್ಕೆ ಕಟಕಟೆ ಹಾಕಿದ್ದಾರೆ. ಜನ ಸುತ್ತ ನಿಂತು ಫೋಟೊ ತೆಗೆಯುತ್ತಿದ್ದರು. ಅಸ್ಥಿಗಳು 1539ರಲ್ಲೇ ಪೋರ್ಚುಗಲ್‌ಗೆ ಹೋದವು. ಆ ಬರಿದಾದ ಗುಂಡಿಗಿರುವ ಮರ್ಯಾದೆಯಲ್ಲಿ ಒಂದು ಪಾಲಾದರೂ ಮಂಗಳೂರಿನ ಗಾಮರಿಗೆ ಬೇಡವೆ?

ನಾವು ಮತ್ತೆ ಸಾಂತಾ ಕ್ರೂಜಿಗೇ ಬಂದು ಆಲ್ತಾರಿನ ಎದುರು ಅರ್ಧ ಗಂಟೆ ಕುಳಿತೆವು. ಗುರುವಿನ ಕೈ ಎಲ್ಲಿ ನಿಂತಿತು, ಶಿಷ್ಯನದು ಎಲ್ಲಿ ಮೊದಲಾಯಿತು ಎಂಬುದು ನಮಗಂತೂ ಗೊತ್ತಾಗಲಿಲ್ಲ. ಕೊಂಕಣ ರೈಲಿನಲ್ಲಿ ಆ ಕಡೆ ಹೋಗುವ ಸದಸ್ಯರು ಮೊದಲು ಮಂಗಳೂರಿನಲ್ಲಿಳಿದು ಪ್ರಾರ್ಥನಾಲಯವನ್ನು ನಿಧಾನವಾಗಿ ನೋಡಿ, ಆಮೇಲೆ ಕೊಚ್ಚಿಗೆ ಹೋಗುವುದು ಒಳ್ಳೆಯದು. ನಾವು ಈ ಸಲ ನೇರವಾಗಿ ಕೊಚ್ಚಿಗೇ ಹೋದೆವು.